ಬೇಲೂರಿಗೆ ಬೆಳಗಿನ ಬಿಸಿಲು, ಹಳೇಬೀಡಿಗೆ ಇಳಿಬಿಸಿಲು

ಮಾನ್ಯ ಸಂಪಾದಕರೇ,

ಶಾಲಾ ಪ್ರವಾಸಗಳ ಕಾಲ ಮತ್ತೆ ಬಂದಿದೆ. 'ಒಂದೇ ದಿನದಲ್ಲಿ ಶ್ರವಣಬೆಳಗೊಳ, ಬೇಲೂರು, ಹಳೇಬೀಡು. ಗೈಡ್ ಸಹಿತ' ಎಂಬ ಜಾಹೀರಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಹೆಸರು ಬದಲಾಯಿತು, ಬ್ಯಾನರ್ ಬದಲಾಯಿತು. ಪ್ಯಾಕೇಜು ಮಾತ್ರ ಹಳೆಯದೇ. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಬೇಲೂರು, ಕತ್ತಲಾಗುವ ಹೊತ್ತಿಗೆ ಹಳೇಬೀಡು. ಈ ಪ್ಯಾಕೇಜಿನಿಂದ ಶ್ರವಣಬೆಳಗೊಳವನ್ನು ತೆಗೆದುಬಿಡಬೇಕು ಎಂಬುದು ನಮ್ಮ ಮನವಿ. ಗೊಮ್ಮಟನ ಮೇಲಿನ ಅಗೌರವದಿಂದ ಹೇಳುತ್ತಿಲ್ಲ. ಅವನಿಗೆ ಬೇರೆಯದೇ ಒಂದು ದಿನ ಸಲ್ಲಬೇಕು.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಶ್ರವಣಬೆಳಗೊಳ ಸುಮಾರು 145 ಕಿ.ಮೀ., ಅಲ್ಲಿಂದ ಚನ್ನರಾಯಪಟ್ಟಣ, ಹಾಸನದ ಮೇಲೆ ಬೇಲೂರಿಗೆ ಸುಮಾರು 90, ಬೇಲೂರಿನಿಂದ ಹಳೇಬೀಡಿಗೆ 16, ಹಳೇಬೀಡಿನಿಂದ ವಾಪಸ್ ಬೆಂಗಳೂರಿಗೆ 210ರ ಮೇಲೆ. ಒಟ್ಟು 460 ಕಿ.ಮೀ. ದಾಟುತ್ತದೆ. ನಗರದ ಟ್ರಾಫಿಕ್ಕು, ಟೋಲು, ಊರೊಳಗಿನ ಹಂಪುಗಳೆಲ್ಲ ಸೇರಿ ಬಸ್ಸಿಗೆ ಗಂಟೆಗೆ ಸರಾಸರಿ 50 ಕಿ.ಮೀ. ಸಿಕ್ಕಿದರೆ ಅದೃಷ್ಟ. ಅಂದರೆ ರಸ್ತೆಯ ಮೇಲೆಯೇ ಒಂಬತ್ತು ಗಂಟೆಗೂ ಹೆಚ್ಚು. ಬೆಳಿಗ್ಗೆ 6ಕ್ಕೆ ಹೊರಟು ರಾತ್ರಿ 10.30ಕ್ಕೆ ಇಳಿಸುವ ಬಸ್ಸಿನಲ್ಲಿ ತಿಂಡಿ, ಊಟ, ಕಾಫಿಗೆ ಒಂದೂಮುಕ್ಕಾಲು ಗಂಟೆ ಕಳೆದರೆ ಉಳಿಯುವುದು ಐದು ಗಂಟೆ ಚಿಲ್ಲರೆ. ವಿಂಧ್ಯಗಿರಿಯ 650ರಷ್ಟು ಮೆಟ್ಟಿಲು ಹತ್ತಲು ಸಾಧಾರಣ ಕಾಲಿನವರಿಗೆ ಅರ್ಧ ಗಂಟೆ, ಮೇಲೆ ಅರ್ಧ ಗಂಟೆ, ಇಳಿಯಲು ಇಪ್ಪತ್ತೈದು ನಿಮಿಷ. 45 ಜನರ ಗುಂಪಿನಲ್ಲಿ ಕೊನೆಯವರು ಬಸ್ ಹತ್ತುವ ಹೊತ್ತಿಗೆ ಎರಡು ಗಂಟೆ ಮುಗಿದಿರುತ್ತದೆ. ಎರಡು ದೇವಸ್ಥಾನಗಳ ಪಾಲಿಗೆ ಬಂದದ್ದು ಮೂರು ಗಂಟೆ. ಚಪ್ಪಲಿ ಬಿಡುವುದು, ಶೌಚಾಲಯ, ಎಣಿಕೆ ತಪ್ಪಿದ ಇಬ್ಬರನ್ನು ಹುಡುಕುವುದು ಎಲ್ಲ ಅದರಲ್ಲೇ.

'ದಾರಿಯಲ್ಲೇ ಸಿಗುತ್ತದಲ್ಲ ಸಾರ್' ಎನ್ನುವುದು ಪ್ಯಾಕೇಜಿನವರ ಸಿದ್ಧ ಉತ್ತರ. ಸಿಗುತ್ತದೆ, ಹೆದ್ದಾರಿಯಿಂದ ಅಂಥ ದೊಡ್ಡ ಸುತ್ತೇನೂ ಅಲ್ಲ. ಆದರೆ ಬೆಟ್ಟ ನುಂಗಿಹಾಕುವುದು ಬೆಳಗಿನ ಹೊತ್ತನ್ನು. ಬೇಲೂರಿಗೆ ಬೇಕಾದದ್ದೂ ಅದೇ ಹೊತ್ತು. ಜೊತೆಗೆ ಬಸ್ಸು ಬೆಟ್ಟದ ಬುಡ ಮುಟ್ಟುವುದೇ 10 ಗಂಟೆಯ ಆಸುಪಾಸಿನಲ್ಲಿ. ಬರಿಗಾಲಲ್ಲಿ ಇಳಿಯುವಾಗ ಬಂಡೆ ಕಾದ ಕಾವಲಿ. ಸೂರ್ಯ ಏಳುವ ಹೊತ್ತಿಗೆ ಹತ್ತಿ, ಬಿಸಿಲೇರುವ ಮೊದಲು ಇಳಿದು, ಎದುರಿನ ಚಂದ್ರಗಿರಿಯ ಬಸದಿಗಳನ್ನೂ ನೋಡುವುದು ಆ ಊರನ್ನು ನೋಡುವ ಸರಿಯಾದ ಕ್ರಮ.

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಎರಡೂ ಪೂರ್ವಕ್ಕೆ ಮುಖ ಮಾಡಿದ ಗುಡಿಗಳು. ಬೇಲೂರಿನಲ್ಲಿ ಜನ ಮೊದಲು ನೋಡಬೇಕಾದದ್ದು ಪೂರ್ವದ ಬಾಗಿಲು, ಅದರ ಅಕ್ಕಪಕ್ಕದ ಜಾಲಂಧ್ರಗಳಲ್ಲಿ (ಕಲ್ಲಿನ ಜಾಲರಿ ಕಿಟಕಿಗಳಲ್ಲಿ) ಕೊರೆದ ಹೊಯ್ಸಳ ಆಸ್ಥಾನದ ದೃಶ್ಯ, ಬಾಗಿಲ ಹತ್ತಿರದ, ಕನ್ನಡಿ ಹಿಡಿದ ದರ್ಪಣಸುಂದರಿ. ಇವುಗಳ ಮೇಲೆ ಬಿಸಿಲು ಬೀಳುವುದು ಬೆಳಿಗ್ಗೆ 11ರವರೆಗೆ. ಹಳೇಬೀಡಿನಲ್ಲಿ ದೊಡ್ಡ ಶಿಲ್ಪಗಳ ಸಾಲು ಇರುವುದು ಹಿಂಬದಿಯ, ಅಂದರೆ ಪಶ್ಚಿಮದ ಗೋಡೆಯಲ್ಲಿ. ಅಲ್ಲಿ 3.30ರ ಮೇಲಿನ ಓರೆ ಬಿಸಿಲಿಗೆ ಒಂದೊಂದು ಬೆರಳು, ಒಂದೊಂದು ಒಡವೆಯ ಎಳೆ ಎದ್ದು ನಿಲ್ಲುತ್ತದೆ. ಇದೇ ಗೋಡೆಯನ್ನು ನೆತ್ತಿಯ ಬಿಸಿಲಲ್ಲಿ ನೋಡಿದರೆ ಚಪ್ಪಟೆ ಕಪ್ಪು. ಡಿಸೆಂಬರ್‌ನಲ್ಲಿ ಸಂಜೆ 6ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ; ಮೂರೂರು ಸುತ್ತಿದ ಬಸ್ಸು ಹಳೇಬೀಡಿಗೆ ಬರುವುದು 5.30ಕ್ಕೆ. ಮಕ್ಕಳು ಮೊಬೈಲ್ ಟಾರ್ಚ್ ಹಿಡಿದು ಆನೆ ಎಣಿಸುತ್ತಾರೆ.

ನಾವು ಹೇಳುವ ಕ್ರಮ ಇಷ್ಟು. ಬೆಂಗಳೂರಿನಿಂದ 5.30ಕ್ಕೆ ಹೊರಡಬೇಕು. ಹತ್ತಿಸಿಕೊಳ್ಳುವ ಜಾಗ ಒಂದು, ಹೆಚ್ಚೆಂದರೆ ಎರಡು ಇರಲಿ. ಐದು ಕಡೆ ನಿಂತರೆ ಮುಕ್ಕಾಲು ಗಂಟೆ ನಗರದಲ್ಲೇ ಹೋಗುತ್ತದೆ. ನೆಲಮಂಗಲ, ಕುಣಿಗಲ್ ದಾಟಿ ಯಡಿಯೂರು ಅಥವಾ ಬೆಳ್ಳೂರು ಕ್ರಾಸಿನಲ್ಲಿ ತಿಂಡಿ, ಅರ್ಧ ಗಂಟೆ ಮೀರದಂತೆ. 10ರ ಹೊತ್ತಿಗೆ ಬೇಲೂರು. 12.30ರವರೆಗೆ ದೇವಸ್ಥಾನ, ಊಟ ಬೇಲೂರಿನಲ್ಲೇ. 1.45ಕ್ಕೆ ಹಳೇಬೀಡು. ಸುಡುವ ಹೊತ್ತಿನಲ್ಲಿ ಬಸದಿಗಳ ತಂಪು, 3ರಿಂದ 5ರವರೆಗೆ ಹೊಯ್ಸಳೇಶ್ವರ. 5.15ಕ್ಕೆ ಬಸ್ಸು ಹೊರಟರೆ 10ರ ಸುಮಾರಿಗೆ ಬೆಂಗಳೂರು. ಹಾಸನ–ಬೇಲೂರು ರಸ್ತೆಯಲ್ಲಿ ದೊಡ್ಡಗದ್ದವಳ್ಳಿಯ ಫಲಕ ಕಾಣುತ್ತದೆ. ಅಲ್ಲಿಯ ಲಕ್ಷ್ಮೀದೇವಿ ಗುಡಿ ಬೇಲೂರಿಗಿಂತ ಹಳೆಯದು, ನೋಡಲೇಬೇಕಾದದ್ದು. ಸ್ವಂತ ಕಾರಿನವರು ತಿರುಗಲಿ. ಬಸ್ಸಿನವರು ಆಸೆ ಬಿಡುವುದು ಒಳ್ಳೆಯದು.

ಬೇಲೂರಿನಲ್ಲಿ ಪೂಜೆ ನಡೆಯುತ್ತದೆ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಪ್ಯಾಕೇಜ್ ಬಸ್ಸುಗಳು ಒಂದು ಗಂಟೆ, ಒಂದೂವರೆಗೆ ಬಂದು 'ದರ್ಶನ ಆಗಲಿಲ್ಲ' ಎಂದು ಪೇಚಾಡುವುದು ಇದರಿಂದಲೇ. ಚಪ್ಪಲಿ ಹೊರಗೇ ಬಿಡಬೇಕು, ಒಳಗಿನ ಅಂಗಳಕ್ಕೆಲ್ಲ ಕಲ್ಲು ಹಾಸಿದೆ. ಫೆಬ್ರುವರಿಯಿಂದ ಮೇವರೆಗೆ 11ರ ನಂತರ ಆ ಹಾಸುಗಲ್ಲಿನ ಮೇಲೆ ಮಕ್ಕಳು ಕುಣಿಯುತ್ತಾ ಓಡುತ್ತಾರೆ, ಗೈಡ್ ಹೇಳುವುದು ಯಾರ ಕಿವಿಗೂ ಬೀಳುವುದಿಲ್ಲ. ದಪ್ಪ ಹತ್ತಿಯ ಕಾಲುಚೀಲ ಒಂದು ಜೊತೆ ಬ್ಯಾಗಿನಲ್ಲಿದ್ದರೆ ಈ ತೊಂದರೆಯೇ ಇಲ್ಲ. ನೈಲಾನ್ ಕಾಲುಚೀಲ ಬೇಡ, ನುಣುಪಾದ ಮೆಟ್ಟಿಲಲ್ಲಿ ಜಾರುತ್ತದೆ.

ಒಳಹೋದ ಕೂಡಲೇ ನವರಂಗಕ್ಕೆ, ಅಂದರೆ ಗುಡಿಯ ಒಳಮಂಟಪಕ್ಕೆ ನುಗ್ಗುವುದು ಎಲ್ಲರೂ ಮಾಡುವ ತಪ್ಪು. ಹೊರಗಿನ ಬಿಸಿಲಿನಿಂದ ನೇರವಾಗಿ ಆ ಕತ್ತಲೆಗೆ ಕಾಲಿಟ್ಟರೆ ನಾಲ್ಕೈದು ನಿಮಿಷ ಕಣ್ಣಿಗೆ ಏನೂ ಕಾಣುವುದಿಲ್ಲ. ಗೈಡ್ ಆಗಲೇ ಮಾತು ಶುರು ಮಾಡಿರುತ್ತಾರೆ, ಕಣ್ಣು ಹೊಂದುವಷ್ಟರಲ್ಲಿ 'ಬನ್ನಿ ಬನ್ನಿ' ಎಂದು ಹೊರಗೆ ಕರೆಯುತ್ತಾರೆ. ಮೊದಲು ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆಯ) ಮೇಲೆ ಪೂರ್ವದ ಮುಖವನ್ನು ಅರ್ಧ ಗಂಟೆ ನೋಡಿ, ಆಮೇಲೆ ಒಳಗೆ ಹೋಗಿ, ಒಂದು ಕಡೆ ಸುಮ್ಮನೆ ನಿಂತು ಕಣ್ಣಿಗೆ ಅವಕಾಶ ಕೊಡಿ. ದರ್ಶನ ಮುಗಿಸಿ ನವರಂಗದ ನಡುವಿನ ಭುವನೇಶ್ವರಿ, ಅಂದರೆ ಕೆತ್ತನೆಯ ಚಾವಣಿ ನೋಡಿ. ಅದರ ತುದಿಯ ಮೊಗ್ಗಿನಲ್ಲಿ ನರಸಿಂಹ ಇದ್ದಾನೆ. ಅದರ ಸುತ್ತ ನಾಲ್ಕು ಮದನಿಕೆಯರು (ಕಂಬದ ತಲೆಗೆ ಓರೆಯಾಗಿ ನಿಲ್ಲಿಸಿದ ಸುಂದರಿಯರ ಶಿಲ್ಪಗಳು). ಉಳಿದ 38 ಮದನಿಕೆಯರು ಹೊರಗೆ ಸೂರಿನ ಕೆಳಗೆ, ಒಟ್ಟು 42. ಒಳಗಿನ ಶಿಲ್ಪದ ಕೈಬಳೆ ಕಲ್ಲಿನಲ್ಲೇ ಬಿಡಿಸಿ ಕೊರೆದದ್ದು, ಅಲುಗಾಡುತ್ತದೆ. ಇದನ್ನು ಗೈಡ್ ಬಾಯಲ್ಲಿ ಕೇಳಿದರೆ ಸಾಕು, ಕೋಲು ಚಾಚಿ ಆಡಿಸಿ ತೋರಿಸಿ ಎಂದು ಪೀಡಿಸಬೇಡಿ.

ಒಳಗಿನ ಕಂಬಗಳ ಬಗ್ಗೆ ಒಂದು ಮಾತು. 'ಆ ಕಾಲಕ್ಕೆ ಯಂತ್ರ ಎಲ್ಲಿತ್ತು' ಎಂದು ಗೈಡ್ ಹುಬ್ಬೇರಿಸುತ್ತಾರೆ, ಕೇಳುವವರು ಬೆರಗಾಗುತ್ತಾರೆ. ಉತ್ತರ ಕಂಬದ ಮೇಲೆಯೇ ಇದೆ. ಟಾರ್ಚನ್ನು ಎದುರಿನಿಂದ ಹಿಡಿಯದೆ ಕಂಬಕ್ಕೆ ಒತ್ತಿದಂತೆ ಪಕ್ಕದಿಂದ ಹಿಡಿಯಿರಿ. ಸುತ್ತಲೂ ಕೂದಲೆಳೆಯಷ್ಟು ಸಣ್ಣ ಉಂಗುರ ಗೆರೆಗಳು ಏಳುತ್ತವೆ. ಕಲ್ಲನ್ನು ತಿರುಗಿಸುತ್ತಾ ಉಳಿ ಆನಿಸಿ ಕಡೆದ ಗುರುತು ಅದು; ಚನ್ನಪಟ್ಟಣದ ಬುಗುರಿ ಕಡೆಯುವುದನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಇದು ಸಾಧ್ಯವಾದದ್ದು ಕಲ್ಲಿನ ಗುಣದಿಂದ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಬಿಗಿಯುತ್ತದೆ. ಬಿಗಿದರೂ ಅದು ಗ್ರಾನೈಟ್ ಆಗುವುದಿಲ್ಲ. ಕೈಗೆ ಎಟಕುವ ಎತ್ತರದ ಪಟ್ಟಿಕೆಗಳಲ್ಲಿ (ಗೋಡೆ ಸುತ್ತಿದ ಕೆತ್ತನೆಯ ಸಾಲುಗಳಲ್ಲಿ) ಮೂಗು, ಸೊಂಡಿಲು ಸವೆದು ಎಣ್ಣೆಗಪ್ಪು ಹಿಡಿದಿರುವುದು ಮುಟ್ಟಿ ಮುಟ್ಟಿಯೇ. ಮಕ್ಕಳಿಗೆ ಇದನ್ನು ಬಸ್ಸಿನಲ್ಲೇ ಹೇಳಿ ಕರೆತರುವುದು ಶಿಕ್ಷಕರ ಕೆಲಸ; ಜಗತಿಯ ಮೇಲೆ ನಿಂತು ಗದರುವುದರಿಂದ ಏನೂ ಆಗದು.

ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತಂತೆ, ಈಗ ತಿರುಗುವುದಿಲ್ಲ. ನೂಕಿ ನೋಡಬೇಡಿ. ಆ ಕಂಬದಲ್ಲಿ 'ಕಡಲೆ ಬಸವ' ಎಂದು ಕರೆಯುವ, ಕಡಲೆಕಾಳಿನಷ್ಟು ಪುಟ್ಟ ಬಸವ ಇದೆ, ಅದನ್ನು ತೋರಿಸಿ ಎಂದು ಗೈಡನ್ನು ಕೇಳಿ. ಹೊರಗಿನ ಮದನಿಕೆಯರ ಸಾಲಿನಲ್ಲಿ ಒಬ್ಬಳ ತಲೆಯ ಮೇಲಿನ ಬಳ್ಳಿ ಚಪ್ಪರದಲ್ಲಿ ಹಲಸಿನ ಹಣ್ಣು, ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ಬರಿಗಣ್ಣಿಗೆ ಇದು ಸರಿಯಾಗಿ ಸಿಗುವುದಿಲ್ಲ. ಮನೆಯಲ್ಲಿ ಸಾಧಾರಣ ಬೈನಾಕ್ಯುಲರ್ ಇದ್ದರೆ ಮರೆಯದೆ ತನ್ನಿ. ಮೊಬೈಲ್ ಜೂಮ್ ಮಾಡಿದರೆ ಸೂರಿನ ನೆರಳು ಮಾತ್ರ ದೊಡ್ಡದಾಗುತ್ತದೆ.

ಇನ್ನು ಗೈಡ್‌ಗಳ ವಿಚಾರ. ಪ್ರವಾಸೋದ್ಯಮ ಇಲಾಖೆಯ ಫೋಟೊ ಗುರುತಿನ ಚೀಟಿ ಇರುವವರನ್ನೇ ಗೊತ್ತು ಮಾಡಿಕೊಳ್ಳಿ. ಹಣ ಇಡೀ ಗುಂಪಿಗೋ ತಲೆಗಿಷ್ಟೋ, ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ ಎಂಬುದು ಹೊರಡುವ ಮೊದಲೇ ತೀರ್ಮಾನವಾಗಲಿ. ಅರ್ಧ ಬಸ್ಸಿಗೆ ಹಿಂದಿ, ಅರ್ಧಕ್ಕೆ ಕನ್ನಡ ಎಂದಾದರೆ ಪ್ರತಿ ಶಿಲ್ಪದ ಮುಂದೆಯೂ ಎರಡೆರಡು ಸಲ ಮಾತು, ಸಮಯ ಅರ್ಧಕ್ಕಿಳಿಯುತ್ತದೆ. 45 ಜನರಿಗೆ ಒಬ್ಬ ಗೈಡ್ ಸಾಲುವುದಿಲ್ಲ. ನಕ್ಷತ್ರಾಕಾರದ ಗೋಡೆಯ ಮೂಲೆ ಮೂಲೆಗೆ ಜನ ಸಿಕ್ಕಿಕೊಳ್ಳುತ್ತಾರೆ, ಹಿಂದಿನ ಸಾಲಿನವರಿಗೆ ಗೈಡ್‌ನ ಕೋಲಿನ ತುದಿ ಕಂಡರೆ ಹೆಚ್ಚು. ಇಪ್ಪತ್ತೆರಡು, ಇಪ್ಪತ್ತಮೂರರಂತೆ ಎರಡು ಗುಂಪು ಮಾಡಿ, ಇಬ್ಬರು ಗೈಡ್. ಪೂರ್ವದ ಮುಖ ನೋಡಿದ ಮೇಲೆ ಒಂದು ಗುಂಪು ಹೊರಗೆ ಉಳಿದರೆ ಇನ್ನೊಂದು ಒಳಗೆ. ತಲೆಗೆ ಬೀಳುವ ಹೆಚ್ಚಿನ ಖರ್ಚು ಒಂದು ಮಸಾಲೆ ದೋಸೆಯ ಬೆಲೆಯನ್ನು ಮುಟ್ಟುವುದೂ ಅನುಮಾನ.

ಗೈಡ್‌ಗಳು ಹೇಳುವುದರಲ್ಲಿ ಐತಿಹ್ಯ ಯಾವುದು, ಶಾಸನ ಯಾವುದು ಎಂದು ಬೇರೆ ಮಾಡಿ ಕೇಳುವ ಅಭ್ಯಾಸ ಪ್ರವಾಸಿಗಳಿಗೆ ಬರಬೇಕು. ಜಕಣಾಚಾರಿಯ ಕಥೆ ಚೆಂದ. ಕಲ್ಲಿನೊಳಗಿನ ಕಪ್ಪೆ, ಸೋತ ತಂದೆ, ಗೆದ್ದ ಮಗ. ಬೇಲೂರಿನ ಅದೇ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು ಕೇಳಿದರೆ ಮಕ್ಕಳ ಬಾಯಿ ಮುಚ್ಚುವುದಿಲ್ಲ. ಹೇಳಲಿ. ಆದರೆ ಮದನಿಕೆಯರ ಪೀಠಗಳ ಮೇಲೆ ನಿಜವಾಗಿ ಕೆತ್ತಿರುವ ಹೆಸರುಗಳಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಅವರೂ ತಂದೆ ಮಗನೇ. ಕಲ್ಲಿನಲ್ಲಿ ಸಹಿ ಹಾಕಿ ಹೋದ ಇಬ್ಬರನ್ನು ಬಿಟ್ಟು ಕಥೆಯ ಇಬ್ಬರನ್ನು ಮಾತ್ರ ಹೇಳಿ ಕಳಿಸುವುದು ನಮಗೆ ಸರಿ ಕಾಣುವುದಿಲ್ಲ. ಹಾಗೆಯೇ '103 ವರ್ಷ ಕಟ್ಟಿದರು' ಎಂಬ ಮಾತು. ಹೊಯ್ಸಳ ದೊರೆ ವಿಷ್ಣುವರ್ಧನ ಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಜಾಲಂಧ್ರದಂಥ ಕೆಲಸಗಳು ಎರಡನೇ ಬಲ್ಲಾಳನ ಕಾಲದವರೆಗೂ ಸೇರುತ್ತಾ ಬಂದವು, ಪ್ರವೇಶದ ಗೋಪುರ ವಿಜಯನಗರದ ಕಾಲದ್ದು, ಗುಡಿಯ ಮೇಲಿದ್ದ ಇಟ್ಟಿಗೆ, ಮರದ ಶಿಖರವನ್ನು ಭಾರಕ್ಕೆ ಹೆದರಿ ಇಳಿಸಿದ್ದು 1879ರಲ್ಲಿ. ಹೀಗೆ ಪದರ ಪದರವಾಗಿ ಬಿಡಿಸಿ ಹೇಳುವ ಗೈಡ್ ಸಿಕ್ಕರೆ ಕೇಳಿದ್ದಕ್ಕಿಂತ ಐವತ್ತು ಹೆಚ್ಚು ಕೊಡಿ. ಬರೀ ತನ್ನ ಭಾರದ ಮೇಲೆ ನಿಂತಿರುವ 42 ಅಡಿಯ ದೀಪಸ್ತಂಭದ ಬುಡಕ್ಕೆ ಕಾಗದ ತೂರಿಸಿ ತೋರಿಸುವ ಆಟಕ್ಕೆ ಐದು ನಿಮಿಷ ಸಾಕು. ಕೆಲವು ಗುಂಪುಗಳು ಅಲ್ಲಿ ಕಾಲು ಗಂಟೆ ಕಳೆದು ಮದನಿಕೆಯರನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತವೆ.

ಹಳೇಬೀಡಿನಲ್ಲಿ ಬಸ್ಸು ನಿಂತ ಕೂಡಲೇ ಜನ ದೊಡ್ಡ ಗುಡಿಯತ್ತ ಓಡುತ್ತಾರೆ. ಮಧ್ಯಾಹ್ನ ಎರಡರ ಬಿಸಿಲಲ್ಲಿ ಅದು ಬೇಡ. ಅರ್ಧ ಕಿ.ಮೀ. ದೂರದ ಬಸ್ತಿಹಳ್ಳಿಗೆ ಹೋಗಿ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳು ಸಾಲಾಗಿವೆ. ಪಾರ್ಶ್ವನಾಥ ಬಸದಿಯ ಕಪ್ಪು ಕಂಬಗಳಿಗೆ ಕೊಟ್ಟ ಮೆರುಗಿನಲ್ಲಿ ಇವತ್ತಿಗೂ ಮುಖ ಕಾಣುತ್ತದೆ, ಒಳಗೆ ತಂಪು, ಗಲಾಟೆ ಇಲ್ಲ. ಅಲ್ಲಿಂದ ಸ್ವಲ್ಪವೇ ಮುಂದೆ ಕೇದಾರೇಶ್ವರ, ಎರಡನೇ ಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ್ದು. ಪ್ಯಾಕೇಜ್ ಬಸ್ಸುಗಳಲ್ಲಿ ಬಹುಪಾಲು ಈ ಎರಡೂ ಕಡೆ ತಿರುಗಿಯೂ ನೋಡುವುದಿಲ್ಲ.

ಹೊಯ್ಸಳೇಶ್ವರದ ಆವರಣದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇದೆ, ಶುಕ್ರವಾರ ರಜೆ. ಗುಡಿ ಒಂದಲ್ಲ, ಎರಡು: ದಕ್ಷಿಣಕ್ಕೆ ಹೊಯ್ಸಳೇಶ್ವರ, ಉತ್ತರಕ್ಕೆ ಶಾಂತಲೇಶ್ವರ, ನಡುವೆ ಮಂಟಪದ ಜೋಡಣೆ, ಎರಡಕ್ಕೂ ಮುಂದೆ ಒಂದೊಂದು ನಂದಿ. 1121ರ ಹೊತ್ತಿಗೆ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ ಕಟ್ಟಿಸಲು ಶುರು ಮಾಡಿದ್ದು. ದಕ್ಷಿಣದ ನಂದಿಯ ಹಿಂದೆ ಸೂರ್ಯನ ಪುಟ್ಟ ಗುಡಿ ಇದೆ, ಬಹಳ ಜನ ನಂದಿಯ ಜೊತೆ ಫೋಟೊ ತೆಗೆಸಿಕೊಂಡು ಅಲ್ಲಿಂದಲೇ ತಿರುಗಿಬಿಡುತ್ತಾರೆ.

ಗೋಡೆಯನ್ನು ಓದುವ ಕ್ರಮ ಕೆಳಗಿನಿಂದ ಮೇಲಕ್ಕೆ. ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳ ಪಟ್ಟಿಕೆ, ಮಕರ, ಕೊನೆಗೆ ಹಂಸ. ಕಥೆಗಳ ಪಟ್ಟಿಕೆ ಅಗಲದಲ್ಲಿ ಗೇಣುದ್ದವೂ ಇಲ್ಲ ಎನ್ನುವಷ್ಟು ಚಿಕ್ಕದು. ಸೊಂಟ ಬಗ್ಗಿಸದೆ ಸಿಗುವುದಿಲ್ಲ. ಅಭಿಮನ್ಯು ಹೊಕ್ಕ ಚಕ್ರವ್ಯೂಹ ಅಲ್ಲಿದೆ. ಸುರುಳಿ ಸುತ್ತಿದ ಸೈನಿಕರ ಸಾಲನ್ನು ಹೊರಗಿನಿಂದ ಒಳಕ್ಕೆ ಬೆರಳು ಮುಟ್ಟಿಸದೆ ಗಾಳಿಯಲ್ಲಿ ಗೀಚುತ್ತಾ ಹೋಗಲು ಮಕ್ಕಳಿಗೆ ಹೇಳಿ. ಮೇಲಿನ ದೊಡ್ಡ ಸಾಲಿನಲ್ಲಿ ಕೈಲಾಸ ಎತ್ತುವ ರಾವಣ, ಗೋವರ್ಧನ ಹಿಡಿದ ಕೃಷ್ಣ. ರಾವಣನ ಮೇಲಿನ ಬೆಟ್ಟದಲ್ಲಿ ಅಂತಸ್ತು ಅಂತಸ್ತಾಗಿ ತುಂಬಿರುವ ಪ್ರಾಣಿ, ಗಣ, ದೇವತೆಗಳನ್ನು ನೋಡಲೆಂದೇ ಹತ್ತು ನಿಮಿಷ ನಿಲ್ಲಬಹುದು. 'ಆನೆ ಎಷ್ಟಿವೆ' ಎಂಬ ಪ್ರಶ್ನೆ ಕೇಳಿ ಎಲ್ಲರನ್ನೂ ಕೆಳಗಿನ ಸಾಲಿಗೇ ಕಟ್ಟಿಹಾಕುವ ಗೈಡ್‌ಗಳ ಮೇಲೆ ನಮಗೆ ಸ್ವಲ್ಪ ಸಿಟ್ಟಿದೆ, ಒಪ್ಪಿಕೊಳ್ಳುತ್ತೇವೆ.

ಗುಡಿಯ ದಕ್ಷಿಣಕ್ಕೆ ಗರುಡ ಕಂಬ ಇದೆ. ಎರಡನೇ ಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ನೆನಪಿನದು. ಒಡೆಯನಿಗಾಗಿ ತಲೆ ಕತ್ತರಿಸಿಕೊಳ್ಳುವ ವೀರರ ಶಿಲ್ಪ ಅದರ ಮೇಲಿದೆ. ಹುಲ್ಲುಹಾಸಿನ ಕಡೆ ಹೋಗುವ ದಾರಿಯಲ್ಲೇ ಸಿಗುತ್ತದೆ, ಆದರೂ ಅರ್ಧಕ್ಕರ್ಧ ಗುಂಪುಗಳು ಅದನ್ನು ದಾಟಿಕೊಂಡು ಹೋಗುತ್ತವೆ.

ಸಣ್ಣಪುಟ್ಟ ಸಂಗತಿಗಳು. ತಲೆಗೊಂದು ಲೀಟರ್ ನೀರು ಬಸ್ಸಿನಲ್ಲಿರಲಿ. ಚಪ್ಪಲಿ ಕಾಯುವವರಿಗೆ, ಶೌಚಾಲಯಕ್ಕೆ ಚಿಲ್ಲರೆ ನೋಟು ಇಟ್ಟುಕೊಳ್ಳಿ. 45 ಜನರ ಚಪ್ಪಲಿಯನ್ನು ಎರಡು ದೊಡ್ಡ ಗೋಣಿಚೀಲಕ್ಕೆ ತುಂಬಿ ಕೊಟ್ಟರೆ ಹತ್ತು ನಿಮಿಷ ಉಳಿಯುತ್ತದೆ, ಸುಮ್ಮನೆ ಹೇಳುತ್ತಿಲ್ಲ. ಶೌಚಾಲಯದ ಕೆಲಸ ಆವರಣದೊಳಗೆ ಹೋಗುವ ಮೊದಲೇ ಮುಗಿಸಿಕೊಳ್ಳಿ, ನಡುವೆ ಒಬ್ಬರು ಹೊರಟರೆ ಜೊತೆಗೆ ನಾಲ್ವರು ಹೊರಡುತ್ತಾರೆ. ಮಳೆಗಾಲದಲ್ಲಿ ಜಗತಿಯ ಮೆಟ್ಟಿಲು ಜಾರುತ್ತದೆ, ಮೋಡದ ದಿನ ಮೇಲೆ ಹೇಳಿದ ಬಿಸಿಲಿನ ಲೆಕ್ಕವೂ ನಡೆಯುವುದಿಲ್ಲ. ಆದರೆ ಒದ್ದೆಯಾದ ಬಳಪದ ಕಲ್ಲಿನ ಕಪ್ಪು ಬೇರೆಯೇ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಬಸ್ಸುಗಳ ಜಾತ್ರೆ, ಹೆಚ್ಚಾಗಿ 11ರಿಂದ 1ರ ನಡುವೆ. 10ಕ್ಕೆ ಬೇಲೂರು ತಲುಪಿದವರು ಒಳಗಿನ ಭಾಗವನ್ನು ಆ ನೂಕುನುಗ್ಗಲಿಗೆ ಮೊದಲೇ ಮುಗಿಸಿರುತ್ತಾರೆ.

ಪ್ಯಾಕೇಜ್ ನಡೆಸುವವರಲ್ಲಿ ನಮ್ಮ ಕೋರಿಕೆ ಇಷ್ಟೇ. ಟಿಕೆಟ್ ಮೇಲೆ 'ಬೇಲೂರು ತಲುಪುವ ಸಮಯ, ಬಿಡುವ ಸಮಯ. ಹಳೇಬೀಡು ತಲುಪುವ ಸಮಯ, ಬಿಡುವ ಸಮಯ. ಗೈಡ್ ಹಣ ಸೇರಿದೆಯೋ ಇಲ್ಲವೋ' ಎಂದು ಅಚ್ಚು ಹಾಕಿ. ಈಗ ಅಚ್ಚಾಗಿರುವುದು ಸೀಟ್ ನಂಬರು ಮತ್ತು 'ಬೆಲೆಬಾಳುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ' ಎಂಬುದು ಮಾತ್ರ. ಪ್ರವಾಸಿಗಳೂ ಮುಂಗಡ ಕೊಡುವ ಮೊದಲು ಇದನ್ನೇ ಕೇಳಲಿ. 'ಹಳೇಬೀಡಿಗೆ ಎಷ್ಟಕ್ಕೆ ಹೋಗುತ್ತೀರಿ' ಎಂಬುದಕ್ಕೆ 'ಸಂಜೆ' ಎಂಬ ಉತ್ತರ ಬಂದರೆ ಬೇರೆ ಬಸ್ಸು ನೋಡಿಕೊಳ್ಳಬಹುದು. ಆದಷ್ಟು ಭಾನುವಾರ ಬೇಡ: ಊರಿನಿಂದ ವಾಪಸಾಗುವ ಕಾರುಗಳೆಲ್ಲ ರಾತ್ರಿ ನೆಲಮಂಗಲದ ಹತ್ತಿರ ಒಟ್ಟಾಗುತ್ತವೆ, ಅಲ್ಲಿಂದ ಗೊರಗುಂಟೆಪಾಳ್ಯದವರೆಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಶುಕ್ರವಾರವೂ ಬೇಡ, ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ರಜೆ ಹಾಕಿ.

– ಹೊಯ್ಸಳ ಶಿಲ್ಪಾಸಕ್ತರ ಒಂದು ಗುಂಪು, ಹಾಸನ